ಬೆರಳಿನ ಕಲಿಕೆ: ಅಂಧ ಆಟಗಾರರು ಮತ್ತು ಗೇಮ್ ಕಂಟ್ರೋಲರಿನ ಅರ್ಧ ಶತಮಾನ

ವಿಡಿಯೋ ಗೇಮಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಪರದೆಯ ಚರಿತ್ರೆಯನ್ನೇ ಬರೆದಿದ್ದಾರೆ. ಚಿತ್ರ ಹೇಗೆ ಸ್ಪಷ್ಟವಾಯಿತು, ಬಣ್ಣ ಹೇಗೆ ಹೆಚ್ಚಿತು, ಚಪ್ಪಟೆಯಾಗಿದ್ದ ಆಟದ ಜಗತ್ತು ಮೂರು ಆಯಾಮಗಳಿಗೆ ಹೇಗೆ ಬೆಳೆಯಿತು ಎಂಬುದೇ ಅವರ ಮುಖ್ಯ ವಿಷಯ. ಪರದೆಯನ್ನು ಕಾಣಲಾರದ ಆಟಗಾರರ ಕಡೆಯಿಂದ ನೋಡಿದಾಗ ಆ ಚರಿತ್ರೆಯ ಕೇಂದ್ರ ಕೈಯ ಬಳಿಗೆ ಸರಿಯುತ್ತದೆ, ಏಕೆಂದರೆ ಅವರ ಪಾಲಿಗೆ ಆಟವೆಂದರೆ ಕಿವಿಗೆ ಬೀಳುವ ಧ್ವನಿ ಮತ್ತು ಬೆರಳುಗಳ ಹಿಡಿತದಲ್ಲಿರುವ ಕಂಟ್ರೋಲರ್, ಅಂದರೆ ಆಟವನ್ನು ನಡೆಸಲು ಬಳಸುವ ಕೈಸಾಧನ. ಅಂಧ ಆಟಗಾರರು ಕೀಬೋರ್ಡಿಗೆ ಅಂಟಿಕೊಂಡಿರುತ್ತಾರೆ, ಅಪರಿಚಿತ ಕಂಟ್ರೋಲರನ್ನು ಕಲಿಯಲು ಹಿಂಜರಿಯುತ್ತಾರೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕಳೆದ ಐದು ದಶಕಗಳ ಬೆಳವಣಿಗೆಯನ್ನು ಪರಿಶೀಲಿಸಿದರೆ ಈ ಹಿಂಜರಿಕೆಯ ಮೂಲ ಬೇರೆಡೆ ಇರುವುದು ತಿಳಿಯುತ್ತದೆ: ಕಲಿತ ಶ್ರಮಕ್ಕೆ ಫಲ ಕೊಡುವ ಆಟಗಳು ಬಹುಕಾಲ ಇರಲೇ ಇಲ್ಲ, ಅಂಥ ಆಟಗಳು ಬಂದಾಗಲೆಲ್ಲ ಕಲಿಯುವವರಿಗೆ ಕೊರತೆಯಾಗಲಿಲ್ಲ.

ಕೀಬೋರ್ಡಿನೊಂದಿಗಿನ ಒಡನಾಟಕ್ಕೆ ಸ್ಪಷ್ಟ ಕಾರಣಗಳಿವೆ. ಅಮೆರಿಕದಲ್ಲಿ 1976ರ ಸುಮಾರಿಗೆ ವಿಲ್ ಕ್ರೌದರ್ ರಚಿಸಿದ, ಮರುವರ್ಷ ಡಾನ್ ವುಡ್ಸ್ ವಿಸ್ತರಿಸಿದ 'ಕೊಲೋಸಲ್ ಕೇವ್ ಅಡ್ವೆಂಚರ್' ಎಂಬ ಗುಹಾಯಾನದ ಆಟ ಪೂರ್ತಿ ಬರಹದಲ್ಲೇ ನಡೆಯುತ್ತಿತ್ತು. ಗುಹೆಯ ವರ್ಣನೆ ವಾಕ್ಯಗಳಲ್ಲಿ ಬರುತ್ತಿತ್ತು, ಆಟಗಾರನು ತನ್ನ ಹೆಜ್ಜೆಯನ್ನು ಪದಗಳಲ್ಲಿ ಟೈಪ್ ಮಾಡುತ್ತಿದ್ದನು. ಎಂಬತ್ತರ ದಶಕದಲ್ಲಿ ಬರಹವನ್ನು ಓದಿಹೇಳುವ ಧ್ವನಿಯಂತ್ರಗಳು ಕಂಪ್ಯೂಟರಿಗೆ ಜೊತೆಯಾದಾಗ ಇಂತಹ ಆಟಗಳು ಯಾವ ಮಾರ್ಪಾಡೂ ಇಲ್ಲದೆ ಅಂಧರಿಗೆ ದಕ್ಕಿದವು. ಪರದೆಯ ಮೇಲಿನದನ್ನು ಮಾತಾಗಿಸುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡಿದ್ದ ಟೆಡ್ ಹೆಂಟರ್ ಅವರ ಸಂಸ್ಥೆ 1989ರಲ್ಲಿ ಹೊರತಂದ ಜಾಸ್ ಮತ್ತು ಆಸ್ಟ್ರೇಲಿಯಾದ ಮೈಕಲ್ ಕರ್ರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಇವುಗಳಲ್ಲಿ ಪ್ರಮುಖವಾದವು. ಎನ್‌ವಿಡಿಎ ಉಚಿತವಾಗಿ ದೊರೆಯುವುದಲ್ಲದೆ ಅದರೊಂದಿಗೇ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುವುದರಿಂದ ಈ ದಾರಿ ಕನ್ನಡದ ಅಂಧ ಓದುಗರಿಗೂ ತೆರೆದಿದೆ.

ಈ ತಂತ್ರಾಂಶಗಳಲ್ಲಿರುವ ಒಂದು ಸಣ್ಣ ಸೌಲಭ್ಯ ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ಎನ್‌ವಿಡಿಎಗೆಂದು ನಿಗದಿಯಾದ ಕೀಲಿಯೊಂದಿಗೆ ಒಂದರ ಅಂಕಿಯನ್ನು ಒತ್ತಿದರೆ ಕೀಬೋರ್ಡು ಕಲಿಕೆಯ ಸ್ಥಿತಿಗೆ ಹೋಗುತ್ತದೆ; ಆಗ ಯಾವ ಕೀಲಿಯನ್ನು ಒತ್ತಿದರೂ ಅದು ತನ್ನ ಹೆಸರನ್ನೂ ಕೆಲಸವನ್ನೂ ಹೇಳುತ್ತದೆಯೇ ಹೊರತು ಆ ಕೆಲಸವನ್ನು ಮಾಡುವುದಿಲ್ಲ. ತಪ್ಪು ಒತ್ತಿದರೆ ಏನಾದೀತೋ ಎಂಬ ಭಯವಿಲ್ಲದೆ ಬೆರಳು ಇಡೀ ಫಲಕವನ್ನು ಸುತ್ತಿಬರಬಹುದು. ಎಫ್ ಮತ್ತು ಜೆ ಕೀಲಿಗಳ ಮೇಲಿನ ಉಬ್ಬು ಗುರುತು, ಶಾಲೆಗಳಲ್ಲಿ ದೊರೆತ ಟೈಪಿಂಗ್ ತರಬೇತಿ, ಆರು ಮುಖ್ಯ ಕೀಲಿಗಳನ್ನು ಬೇಕಾದಂತೆ ಒಟ್ಟಿಗೆ ಒತ್ತಿ ಬ್ರೈಲ್ ಬರೆಯುವ, 1951ರಿಂದ ಬಳಕೆಗೆ ಬಂದ ಪರ್ಕಿನ್ಸ್ ಬ್ರೈಲರ್ ಯಂತ್ರದ ಅಭ್ಯಾಸ, ಇವೆಲ್ಲ ಸೇರಿ ಕೀಬೋರ್ಡನ್ನು ಅಂಧರ ಸಹಜ ಸಾಧನವನ್ನಾಗಿಸಿದವು. ಚಿತ್ರವೇ ಇಲ್ಲದೆ ಧ್ವನಿಯಿಂದಲೇ ನಡೆಯುವ ಆಡಿಯೋ ಗೇಮುಗಳು ಹುಟ್ಟಿದಾಗ ಅವು ಕೂಡ ಬಾಣದ ಕೀಲಿಗಳನ್ನೇ ನೆಚ್ಚಿಕೊಂಡವು. ಜಿಎಂಎ ಗೇಮ್ಸ್ 2001ರಲ್ಲಿ ಹೊರತಂದ 'ಷೇಡ್ಸ್ ಆಫ್ ಡೂಮ್' ಅವುಗಳಲ್ಲಿ ಹೆಸರುವಾಸಿಯಾದುದು.

ಇತ್ತ ಟಿವಿಗೆ ಜೋಡಿಸಿ ಆಡುವ ಕನ್ಸೋಲುಗಳ ಜಗತ್ತಿನಲ್ಲಿ ಕಂಟ್ರೋಲರು ತೀರ ಬೇರೆ ದಾರಿಯಲ್ಲಿ ಬೆಳೆಯಿತು. 1977ರ ಅಟಾರಿ ಯಂತ್ರಕ್ಕೆ ಒಂದು ಜಾಯ್‌ಸ್ಟಿಕ್ ಮತ್ತು ಒಂದೇ ಗುಂಡಿ ಸಾಕಾಗಿತ್ತು. ಗುನ್‌ಪೇ ಯೊಕೊಯಿ 1982ರಲ್ಲಿ ನಿಂಟೆಂಡೊದ ಕೈಯಾಟಿಕೆಯೊಂದಕ್ಕೆ ರೂಪಿಸಿದ ಶಿಲುಬೆಯಾಕಾರದ ದಿಕ್ಕಿನ ಗುಂಡಿ ಮರುವರ್ಷವೇ ಅದೇ ಸಂಸ್ಥೆಯ ಫ್ಯಾಮಿಕಾಂ ಕನ್ಸೋಲಿನ ಕಂಟ್ರೋಲರಿನ ಎಡಬದಿಗೆ ಬಂದಿತು. 1990ರ ಸೂಪರ್ ಫ್ಯಾಮಿಕಾಂ ಬಲಗಡೆ ನಾಲ್ಕು ಗುಂಡಿಗಳನ್ನೂ ಮೇಲಂಚಿನಲ್ಲಿ ತೋರುಬೆರಳಿಗೆ ಎರಡು ಗುಂಡಿಗಳನ್ನೂ ಸೇರಿಸಿತು. ಅದರ ಅಮೆರಿಕದ ಆವೃತ್ತಿಯಲ್ಲಿ ಎ ಮತ್ತು ಬಿ ಗುಂಡಿಗಳು ಉಬ್ಬಿದ್ದು, ಎಕ್ಸ್ ಮತ್ತು ವೈ ಗುಂಡಿಗಳು ತಗ್ಗಾಗಿದ್ದವು. ಹೆಬ್ಬೆರಳಿನಿಂದ ಸವರಿದ ಮಾತ್ರಕ್ಕೆ ಯಾವುದು ಯಾವುದೆಂದು ತಿಳಿಯುತ್ತಿದ್ದ ಈ ಗುಣವನ್ನು ಮುಂದಿನ ತಲೆಮಾರುಗಳ ಬಹುತೇಕ ಕಂಟ್ರೋಲರುಗಳು ಉಳಿಸಿಕೊಳ್ಳಲಿಲ್ಲ. ಸೋನಿ 1994ರಲ್ಲಿ ತನ್ನ ಪ್ಲೇಸ್ಟೇಷನ್ ಕಂಟ್ರೋಲರಿಗೆ ತ್ರಿಕೋನ, ವೃತ್ತ, ಗುಣಾಕಾರ ಚಿಹ್ನೆ, ಚೌಕಗಳೆಂಬ ಗುರುತುಗಳನ್ನು ತಂದಿತಾದರೂ ಆ ಗುರುತುಗಳು ನಯವಾದ ಗುಂಡಿಗಳ ಮೇಲಿನ ಚಿತ್ರಗಳಾಗಿದ್ದವು. ಅದೇ ಸಂಸ್ಥೆಯ 1997ರ ಡ್ಯುಯಲ್‌ಶಾಕ್ ಕಂಟ್ರೋಲರು ಎರಡು ಹೆಬ್ಬೆರಳುಗಳಿಗೂ ಒಂದೊಂದು ಪುಟ್ಟ ಕಡ್ಡಿಯನ್ನೂ ಕೈಗೆ ತಾಗುವ ಕಂಪನವನ್ನೂ ಒದಗಿಸಿತು. ಆ ಕಡ್ಡಿಯನ್ನು ಸುತ್ತ ತಿರುಗಿಸುವುದಷ್ಟೇ ಅಲ್ಲದೆ ಕೆಳಗೆ ಅದುಮಿದರೆ ಅದೂ ಒಂದು ಗುಂಡಿಯಾಗುತ್ತದೆ ಎಂಬುದನ್ನು ಯಾರಾದರೂ ಬಾಯಿಬಿಟ್ಟು ಹೇಳದ ಹೊರತು ಬೆರಳು ತಾನಾಗಿ ಕಂಡುಕೊಳ್ಳುವುದು ಕಷ್ಟ.

ಒಂದು ಕಂಟ್ರೋಲರಿನಲ್ಲಿ ಗಳಿಸಿದ ಅಭ್ಯಾಸ ಇನ್ನೊಂದರಲ್ಲಿ ಅಡ್ಡಿಯಾಗುವ ಸಂದರ್ಭಗಳೂ ಇದ್ದವು. ನಿಂಟೆಂಡೊದಲ್ಲಿ ಬಲಕ್ಕಿರುವ ಎ ಗುಂಡಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸಿನಲ್ಲಿ ಕೆಳಗಿದೆ; ಪ್ಲೇಸ್ಟೇಷನ್ನಿನಲ್ಲಿ ಒಪ್ಪಿಗೆ ಸೂಚಿಸುವ ಗುಂಡಿ ಬಹುಕಾಲ ಜಪಾನಿನಲ್ಲಿ ವೃತ್ತವಾಗಿದ್ದು ಪಾಶ್ಚಾತ್ಯ ದೇಶಗಳಲ್ಲಿ ಗುಣಾಕಾರ ಚಿಹ್ನೆಯಾಗಿತ್ತು, 2020ರ ಪ್ಲೇಸ್ಟೇಷನ್ 5ರ ಹೊತ್ತಿಗಷ್ಟೇ ಎರಡೂ ಕಡೆ ಒಂದಾಯಿತು. ಕಣ್ಣಿದ್ದವರು ಪರದೆಯ ಮೂಲೆಯಲ್ಲಿ ಮೂಡುವ ಗುಂಡಿಯ ಚಿತ್ರವನ್ನು ನೋಡಿ ತಿದ್ದಿಕೊಳ್ಳುತ್ತಾರೆ. ಅಂಧ ಆಟಗಾರನು ಈ ವ್ಯತ್ಯಾಸಗಳನ್ನೆಲ್ಲ ನೆನಪಿನಲ್ಲೇ ಇಟ್ಟುಕೊಳ್ಳಬೇಕು. ಕನ್ಸೋಲು ಮಾತನಾಡದೆ ಇದ್ದ ಕಾಲದಲ್ಲಿ ಅವನು ಆಟದ ಮೆನುವಿನ ಸಾಲುಗಳನ್ನೂ ಎಣಿಸಿ ಬಾಯಿಪಾಠ ಮಾಡಬೇಕಿತ್ತು.

ಹಾಗಿದ್ದೂ ಕರೆಯಿಲ್ಲದ ಕಡೆಗೆ ಹೋಗಿ ಕಲಿತವರಿದ್ದರು. 'ಮಾರ್ಟಲ್ ಕಾಂಬ್ಯಾಟ್', 'ಸ್ಟ್ರೀಟ್ ಫೈಟರ್' ಮುಂತಾದ ಕಾಳಗದ ಆಟಗಳಲ್ಲಿ ಇಬ್ಬರು ಎದುರಾಳಿಗಳು ಒಂದೇ ಸಮತಲದಲ್ಲಿ ಎಡಬಲಗಳಿಗೆ ಚಲಿಸುವುದರಿಂದಲೂ ಪ್ರತಿ ಏಟಿಗೆ, ನೆಗೆತಕ್ಕೆ, ಕೂಗಿಗೆ ಬೇರೆ ಬೇರೆ ಸದ್ದು ಇರುವುದರಿಂದಲೂ ಎರಡು ಸ್ಪೀಕರುಗಳ ನಡುವಿನ ವ್ಯತ್ಯಾಸದಿಂದ ಎದುರಾಳಿಯ ಜಾಗವನ್ನು ಊಹಿಸಲು ಸಾಧ್ಯವಿತ್ತು. ಅಂಧ ಆಟಗಾರರು ಈ ಆಕಸ್ಮಿಕ ಅನುಕೂಲವನ್ನು ಕಂಡುಕೊಂಡು ಕಂಟ್ರೋಲರಿನ ಕ್ಲಿಷ್ಟ ವರಸೆಗಳನ್ನು ಸಾಧಿಸಿ ದೃಷ್ಟಿವಂತರೊಂದಿಗೆ ಸ್ಪರ್ಧೆಗಳಿಗೂ ಇಳಿದರು. ಜಪಾನಿನ ಗೇಮ್ ನಿರ್ಮಾಪಕ ಕೆಂಜಿ ಎನೊ ಅವರಿಗೆ ತಮ್ಮ ಆಟಗಳನ್ನು ಅಂಧರೂ ಆಡುತ್ತಿರುವುದು ಅಂತಹ ಆಟಗಾರರ ಪತ್ರಗಳಿಂದಲೇ ತಿಳಿಯಿತು. ಅವರ ವಾರ್ಪ್ ಸಂಸ್ಥೆ 1997ರಲ್ಲಿ ಸೆಗಾ ಸ್ಯಾಟರ್ನ್ ಕನ್ಸೋಲಿಗೆ ರಚಿಸಿದ 'ರಿಯಲ್ ಸೌಂಡ್' ಚಿತ್ರವಿಲ್ಲದ ಆಟವಾಗಿದ್ದು, ಅದರೊಂದಿಗೆ ಬ್ರೈಲ್ ಸೂಚನೆಗಳಿದ್ದವು. ಈ ಆಟಕ್ಕಾಗಿ ಸೆಗಾ ಸಾವಿರ ಕನ್ಸೋಲುಗಳನ್ನು ಅಂಧರಿಗೆ ದಾನವಾಗಿ ಕೊಡಲು ಒಪ್ಪಿತೆಂದು ಎನೊ ಮುಂದೆ ಸಂದರ್ಶನವೊಂದರಲ್ಲಿ ಹೇಳಿದ್ದಾರೆ.

ಗುಂಡಿಗಳ ಜಾಗದಲ್ಲಿ ತೋಳಿನ ಚಲನೆಯನ್ನು ತಂದ 2006ರ ನಿಂಟೆಂಡೊ ವೀ ಅಂಧರಿಗೆ ಅಪರಿಚಿತವೂ ಆಕರ್ಷಕವೂ ಆಗಿತ್ತು. ಅಮೆರಿಕದ ರೀನೊದಲ್ಲಿರುವ ನೆವಾಡಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ರಿಮೋಟನ್ನು ಕಂಪ್ಯೂಟರಿಗೆ ಜೋಡಿಸಿ, ಚೆಂಡು ಬಳಿಗೆ ಬಂದ ಗಳಿಗೆಯನ್ನು ಕಂಪನ ಮತ್ತು ಸದ್ದಿನಿಂದ ತಿಳಿಸುವ ಟೆನಿಸ್ ಆಟವನ್ನು ರಚಿಸಿದರು. ಅಂಧರು ಅಪರಿಚಿತ ಸಾಧನವನ್ನು ಕಲಿಯುತ್ತಾರೆಂಬುದಕ್ಕೆ ಇದಕ್ಕಿಂತಲೂ ಬಲವಾದ ಸಾಕ್ಷ್ಯ ಫೋನಿನಿಂದ ದೊರೆಯುತ್ತದೆ. ಉಬ್ಬುತಗ್ಗುಗಳಿಲ್ಲದ ನುಣುಪಾದ ಗಾಜಿಗಿಂತ ಅಂಧರ ಬೆರಳಿಗೆ ಪ್ರತಿಕೂಲವಾದ ಸಾಧನವನ್ನು ಊಹಿಸುವುದು ಕಷ್ಟ. ಆದರೆ 2009ರಲ್ಲಿ ಐಫೋನಿನೊಳಗೇ ವಾಯ್ಸ್‌ಓವರ್ ಎಂಬ ಓದುಗ ತಂತ್ರಾಂಶ ಬಂದು, ಮುಟ್ಟಿದ್ದನ್ನೆಲ್ಲ ಗಾಜು ಹೇಳತೊಡಗಿದ ಮೇಲೆ ಜಗತ್ತಿನಾದ್ಯಂತ ಅಂಧರು ಆ ಗಾಜನ್ನು ಕಲಿತರು, 2010ರಲ್ಲಿ ಬಂದ 'ಪಾಪಾ ಸಾಂಗ್ರೆ'ಯಂತಹ ಧ್ವನಿಯಾಟಗಳನ್ನು ಅದರ ಮೇಲೆಯೇ ಆಡಿದರು. ಅಪರಿಚಿತತೆಯೇ ನಿಜವಾದ ತಡೆಯಾಗಿದ್ದರೆ ಇದು ನಡೆಯುತ್ತಿರಲಿಲ್ಲ.

ಕನ್ಸೋಲುಗಳು ಬಾಯಿ ತೆರೆಯಲು ಇನ್ನೂ ಕೆಲವು ವರ್ಷಗಳು ಹಿಡಿದವು. ಸಂವಹನ ಸೌಲಭ್ಯಗಳು ವಿಕಲಚೇತನರಿಗೆ ಎಟುಕುವಂತಿರಬೇಕೆಂದು ವಿಧಿಸಿದ ಅಮೆರಿಕದ 2010ರ ಕಾನೂನು ಆಟದೊಳಗಿನ ಮಾತುಕತೆಗೂ ಅನ್ವಯಿಸುತ್ತಿತ್ತಾದರೂ ಗೇಮುಗಳಿಗೆ 2018ರ ಕೊನೆಯವರೆಗೆ ವಿನಾಯಿತಿ ದೊರೆತಿತ್ತು. ಈ ನಡುವೆ 2015ರಲ್ಲಿ ಪ್ಲೇಸ್ಟೇಷನ್ 4, ಮರುವರ್ಷ ಎಕ್ಸ್‌ಬಾಕ್ಸ್ ಒನ್ ತಮ್ಮ ಮೆನುಗಳನ್ನು ಓದಿಹೇಳಲು ಆರಂಭಿಸಿದವು. 2017ರಲ್ಲಿ ಎಕ್ಸ್‌ಬಾಕ್ಸ್ ತಂದ ಕೋಪೈಲಟ್ ಸೌಲಭ್ಯ ಎರಡು ಕಂಟ್ರೋಲರುಗಳನ್ನು ಒಂದಾಗಿ ಪರಿಗಣಿಸುವುದರಿಂದ, ಕಲಿಯುತ್ತಿರುವ ಅಂಧ ಆಟಗಾರನ ಜೊತೆಗೆ ದೃಷ್ಟಿಯುಳ್ಳ ಗೆಳೆಯನೊಬ್ಬ ಅಗತ್ಯವಿದ್ದಲ್ಲಿ ಮಾತ್ರ ಕೈಜೋಡಿಸಬಹುದಾಯಿತು. ಎಕ್ಸ್‌ಬಾಕ್ಸಿನ 2018ರ ಮತ್ತು ಪ್ಲೇಸ್ಟೇಷನ್ನಿನ 2023ರ ವಿಶೇಷ ಕಂಟ್ರೋಲರುಗಳು ಮುಖ್ಯವಾಗಿ ಕೈಕಾಲುಗಳ ಚಲನೆಗೆ ತೊಡಕಿರುವವರಿಗಾಗಿ ರೂಪುಗೊಂಡವು. ಅಂಧರಿಗೆ ಬೇಕಿದ್ದುದು ಬೇರೆ ಕಂಟ್ರೋಲರಲ್ಲ, ಎಲ್ಲರ ಕೈಯಲ್ಲಿರುವ ಕಂಟ್ರೋಲರಿಗೆ ಉತ್ತರ ಕೊಡುವ ಆಟ.

ಅಂತಹ ಆಟ 2020ರ ಜೂನ್‌ನಲ್ಲಿ ಬಂದಿತು. ನಾಟಿ ಡಾಗ್ ಸಂಸ್ಥೆಯ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಅರವತ್ತಕ್ಕೂ ಹೆಚ್ಚು ಅನುಕೂಲ ಆಯ್ಕೆಗಳನ್ನು ಒಳಗೊಂಡಿದ್ದು, ಅವುಗಳನ್ನು ರೂಪಿಸುವಲ್ಲಿ ಬ್ರ್ಯಾಂಡನ್ ಕೋಲ್ ಎಂಬ ಅಂಧ ಆಟಗಾರರು ಸಲಹೆಗಾರರಾಗಿದ್ದರು. ಬೆರಳಿಗೆ ಸುಲಭವಾಗಿ ಗೊತ್ತಾಗದ ಎಡಕಡ್ಡಿಯ ಗುಂಡಿಯನ್ನೇ ಈ ಆಟದಲ್ಲಿ ಅದುಮಿದರೆ ಪಾತ್ರವು ಮುಂದಿನ ದಾರಿಯ ಕಡೆಗೆ ಮುಖಮಾಡಿ ನಿಲ್ಲುತ್ತದೆ. ಬಲ ಮೇಲಂಚಿನ ಗುಂಡಿಯನ್ನು ಹಿಡಿದು ವೃತ್ತವನ್ನು ಒತ್ತಿದರೆ ಶತ್ರುಗಳಿರುವ ದಿಕ್ಕೂ, ಚೌಕವನ್ನು ಒತ್ತಿದರೆ ವಸ್ತುಗಳಿರುವ ದಿಕ್ಕೂ ಸದ್ದಿನ ಮೂಲಕ ತಿಳಿಯುತ್ತವೆ. ಹದಿನೈದು ಇಪ್ಪತ್ತು ಗುಂಡಿಗಳ ನೆಲೆಯನ್ನು ಬಾಯಿಪಾಠ ಮಾಡಿದ ಶ್ರಮ ಇಲ್ಲಿ ಆದಿಯಿಂದ ಅಂತ್ಯದವರೆಗೆ ಒಬ್ಬರೇ ಆಡಿ ಮುಗಿಸಬಹುದಾದ ಕಥೆಯಾಗಿ ಫಲಿಸಿತು. 2023ರಲ್ಲಿ 'ಸ್ಟ್ರೀಟ್ ಫೈಟರ್ 6' ಎದುರಾಳಿಯ ದೂರವನ್ನು ಸದ್ದಿನಲ್ಲಿ ತಿಳಿಸಿತು. ಅದೇ ವರ್ಷ ಕೋಲ್ ಅವರ ನೆರವಿನಿಂದ 'ಫೋರ್ಜಾ ಮೋಟರ್‌ಸ್ಪೋರ್ಟ್' ರಸ್ತೆಯ ತಿರುವು, ಅಂಚು, ವೇಗ ತಗ್ಗಿಸಬೇಕಾದ ಸ್ಥಳಗಳನ್ನು ಧ್ವನಿಯಿಂದ ಸೂಚಿಸುವ ವ್ಯವಸ್ಥೆಯನ್ನು ಅಳವಡಿಸಿತು.

ಈ ಚರಿತ್ರೆಯ ಬಹುಭಾಗದಲ್ಲಿ ಕಲಿಕೆಯ ಹೊರೆಯೆಲ್ಲ ಆಟಗಾರರ ಮೇಲೆಯೇ ಇತ್ತು; ಆಟ ತಯಾರಿಸುವವರು ಅಂಧರ ಬೆರಳು ಮತ್ತು ಕಿವಿಯ ರೀತಿಯನ್ನು ಕಲಿಯಲು ತೊಡಗಿ ಇನ್ನೂ ಹೆಚ್ಚು ಕಾಲವಾಗಿಲ್ಲ. ಕಂಟ್ರೋಲರಿನ ಸೂಚನೆಗಳು ಗುಂಡಿಯ ಬಣ್ಣವನ್ನಾಗಲಿ ಚಿತ್ರವನ್ನಾಗಲಿ ನೆಚ್ಚದೆ, ಹೆಬ್ಬೆರಳಿನ ಕೆಳಗೆ, ತೋರುಬೆರಳಿನ ಮುಂದೆ ಎಂದು ಸ್ಥಾನವನ್ನು ಹೇಳಬೇಕು. ಕೀಬೋರ್ಡಿಗೆ ಎಂದೋ ದೊರೆತ ಕಲಿಕೆಯ ಸ್ಥಿತಿ ಪ್ರತಿಯೊಂದು ಕನ್ಸೋಲಿನಲ್ಲೂ, ಪ್ರತಿಯೊಂದು ಆಟದಲ್ಲೂ ಇರಬೇಕು. ಅಂಧ ಆಟಗಾರರು ಹೊಸ ಕಂಟ್ರೋಲರನ್ನು ಕಲಿಯಲು ಸಿದ್ಧರಿದ್ದಾರೆಯೇ ಎಂಬ ಪ್ರಶ್ನೆಗೆ ಅವರು ಐವತ್ತು ವರ್ಷಗಳಿಂದ ಉತ್ತರ ಕೊಡುತ್ತಲೇ ಬಂದಿದ್ದಾರೆ; ಕಲಿತವರನ್ನು ಆಡಗೊಡುವ ಹೊಣೆ ಈಗ ಆಟ ತಯಾರಿಸುವವರದು.