ಎಣಿಕೆಯ ಜಾಗವೇ ರೋಗದ ಜಾಗವಾದಾಗ: ಬ್ರಿಟನ್ನಿನ ಹಿತ್ತಲುಗಳಲ್ಲಿ ಗ್ರೀನ್‌ಫಿಂಚ್

ಹಿತ್ತಲಿಗೆ ಬರುವ ಹಕ್ಕಿಗಳು ಹೆಚ್ಚಿದರೆ ಆ ಜಾತಿ ಬೆಳೆಯುತ್ತಿದೆ, ಕಡಿಮೆಯಾದರೆ ಅಳಿಯುತ್ತಿದೆ ಎಂದು ಭಾವಿಸುವುದು ರೂಢಿ. ಇದು ಎಷ್ಟರಮಟ್ಟಿಗೆ ನಿಜವೆಂದು ಪರೀಕ್ಷಿಸಲು ಬ್ರಿಟನ್ನಿನ ದಾಖಲೆಗಳು ಒದಗಿಬರುತ್ತವೆ. ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ ಸಂಸ್ಥೆ ಮನೆತೋಟಗಳಲ್ಲಿ ಇಟ್ಟ ಕಾಳು ತಿನ್ನಲು ಬರುವ ಹಕ್ಕಿಗಳನ್ನು 1970-71ರ ಚಳಿಗಾಲದಿಂದಲೂ ಎಣಿಸಿದೆ. ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯ 'ಬಿಗ್ ಗಾರ್ಡನ್ ಬರ್ಡ್‌ವಾಚ್' 1979ರಲ್ಲಿ ಶುರುವಾಯಿತು. ಇದರಲ್ಲಿ ಭಾಗವಹಿಸುವವರು ಜನವರಿ ಕೊನೆಯಲ್ಲಿ ಒಂದು ಗಂಟೆ ಕುಳಿತು ನೋಡಿ, ಪ್ರತಿ ಜಾತಿಯಲ್ಲೂ ಏಕಕಾಲಕ್ಕೆ ಕಂಡ ಗರಿಷ್ಠ ಸಂಖ್ಯೆಯನ್ನಷ್ಟೇ ಬರೆಯುತ್ತಾರೆ. ಬಂದ ಹಕ್ಕಿಯೇ ಮತ್ತೆ ಬಂದರೂ ಎರಡು ಸಲ ಲೆಕ್ಕಕ್ಕೆ ಸಿಗಬಾರದೆಂಬುದು ಈ ನಿಯಮದ ಉದ್ದೇಶ.

ಇಷ್ಟು ಎಚ್ಚರ ವಹಿಸಿದರೂ ಇಲ್ಲಿ ಅಳೆಯುವುದು ಹಕ್ಕಿಗಳ ಭೇಟಿಯನ್ನೇ ಹೊರತು ಅವುಗಳ ಒಟ್ಟು ಸಂಖ್ಯೆಯನ್ನಲ್ಲ. ಬೀಚ್ ಮರಗಳು ಹೇರಳವಾಗಿ ಬೀಜ ಬಿಟ್ಟ ವರ್ಷ ಚಾಫಿಂಚ್, ಗ್ರೇಟ್ ಟಿಟ್ ಹಕ್ಕಿಗಳು ಕಾಡಿನಲ್ಲೇ ಉಳಿಯುತ್ತವೆ. ಫಸಲು ಕೈಕೊಟ್ಟ ವರ್ಷ ತೋಟಗಳಿಗೆ ಬರುತ್ತವೆ. ಕಾಡಿನ ಹಸಿವು ಹಿತ್ತಲಿನ ಪಟ್ಟಿಯಲ್ಲಿ ಏರಿಕೆಯಾಗಿ ಕಾಣುತ್ತದೆ. ಮನುಷ್ಯರು ಇಡುವ ಆಹಾರದ ಪಾತ್ರವೂ ಸಣ್ಣದಲ್ಲ. 2019ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪ್ರಕಟಿಸಿದ ಅಧ್ಯಯನದ ಪ್ರಕಾರ, 1970ರ ದಶಕದ ಆರಂಭದಲ್ಲಿ ಶೇ 8ರಷ್ಟು ತೋಟಗಳಲ್ಲಿ ಮಾತ್ರ ಆಹಾರಕ್ಕೆ ಬರುತ್ತಿದ್ದ ಗೋಲ್ಡ್‌ಫಿಂಚ್ ನಾಲ್ಕು ದಶಕಗಳಲ್ಲಿ ಶೇ 87ರಷ್ಟು ತೋಟಗಳಿಗೆ ಹಬ್ಬಿತು. ಸೂರ್ಯಕಾಂತಿ ಕಾಳು ಮತ್ತು ನೈಜರ್, ಅಂದರೆ ನಮ್ಮ ಹುಚ್ಚೆಳ್ಳು, ಇದಕ್ಕೆ ಪ್ರಿಯ ಆಹಾರ.

ಗ್ರೀನ್‌ಫಿಂಚ್‌ನ ಕಥೆ ಇದಕ್ಕೆ ವಿರುದ್ಧ. ಪಾರಿವಾಳಗಳ ಗಂಟಲಲ್ಲಿ ಬಹುಕಾಲದಿಂದ ಇದ್ದ ಟ್ರೈಕೊಮೊನಾಸ್ ಗ್ಯಾಲಿನೇ ಎಂಬ ಪರೋಪಜೀವಿ 2005ರಲ್ಲಿ ಬ್ರಿಟನ್ನಿನ ಫಿಂಚ್‌ಗಳಲ್ಲಿ ಪತ್ತೆಯಾಗಿ, ಮರುವರ್ಷ ಸಾಂಕ್ರಾಮಿಕವಾಯಿತು. ಗಂಟಲಲ್ಲಿ ಹುಣ್ಣಾದ ಹಕ್ಕಿ ಕಾಳನ್ನು ಕಚ್ಚುತ್ತದೆ, ನುಂಗಲಾರದೆ ಉಗುಳುತ್ತದೆ. ಜೊಲ್ಲು ಹತ್ತಿದ ಆ ಕಾಳನ್ನೇ ಪಕ್ಕದ ಹಕ್ಕಿ ಹೆಕ್ಕುತ್ತದೆ. ನೀರಿನ ತಟ್ಟೆಯೂ ಹಾಗೆಯೇ ಸೋಂಕು ಹರಡುತ್ತದೆ. ಪರೋಪಜೀವಿ ಒಣ ವಾತಾವರಣದಲ್ಲಿ ಬಹಳ ಹೊತ್ತು ಬದುಕಲಾರದು. ಆದರೆ ಗುಂಪಾಗಿ ಒಂದೇ ತಟ್ಟೆಗೆ ಮುತ್ತುವ ಫಿಂಚ್‌ಗಳ ನಡುವೆ ದಾಟಲು ಅದಕ್ಕೆ ಅಷ್ಟು ಹೊತ್ತು ಬೇಕಾಗಿಯೂ ಇಲ್ಲ. ಸೋಂಕು ತೀವ್ರವಾಗಿದ್ದ ಪ್ರದೇಶಗಳಲ್ಲಿ 2007ರ ಹೊತ್ತಿಗೆ ಮೊಟ್ಟೆಯಿಡುವ ಗ್ರೀನ್‌ಫಿಂಚ್‌ಗಳು ಶೇ 35ರಷ್ಟು ಕಡಿಮೆಯಾಗಿದ್ದವು. 2021ರಲ್ಲಿ ಈ ಹಕ್ಕಿ ಸಂರಕ್ಷಣೆ ತುರ್ತಾಗಿ ಬೇಕಾದ ಜಾತಿಗಳ ಬ್ರಿಟನ್ನಿನ ಕೆಂಪುಪಟ್ಟಿ ಸೇರಿತು.

ಈ ಕುಸಿತ ನಿಜವೆಂದು ಒಪ್ಪುವುದಕ್ಕೆ ಹಿತ್ತಲಿನ ಎಣಿಕೆಯೊಂದೇ ಸಾಲುತ್ತಿರಲಿಲ್ಲ. 1994ರಿಂದ ಹೊಲ, ಕಾಡು, ಊರುಗಳಲ್ಲಿ ನಡೆದಿರುವ ಬ್ರೀಡಿಂಗ್ ಬರ್ಡ್ ಸರ್ವೇ ಸಹ ಅದೇ ಇಳಿಕೆಯನ್ನು ತೋರಿಸಿತು. ಸಾರ್ವಜನಿಕರು ಕಳುಹಿಸಿದ ಸತ್ತ ಹಕ್ಕಿಗಳ ಶವಪರೀಕ್ಷೆ ಕಾರಣವನ್ನು ಹೇಳಿತು. ಈ ಮೂರೂ ಕೂಡಿದ್ದರಿಂದಲೇ ವಾದ ಗಟ್ಟಿಯಾಯಿತು. ಆದರೂ ಮೊದಲ ಸುಳಿವು ಕೊಟ್ಟವರು ಗರಿ ಕೆದರಿ ಮಂಕಾಗಿ ಕುಳಿತ ಹಕ್ಕಿಯನ್ನು ಗಮನಿಸಿದ ಮನೆಮಂದಿ. ವೃತ್ತಿಪರ ಪಕ್ಷಿವಿಜ್ಞಾನ ಅವರಿಗೆ ಋಣಿಯಾಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾರತದಲ್ಲಿ 2013ರಿಂದ ಫೆಬ್ರುವರಿಯಲ್ಲಿ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಕರ್ನಾಟಕದ ವೀಕ್ಷಕರೂ ಪಾಲ್ಗೊಳ್ಳುತ್ತಾರೆ. ಅದರ ಪಟ್ಟಿಗಳು ಸೇರುವ ಇ-ಬರ್ಡ್ ಭಂಡಾರವನ್ನು ಆಧರಿಸಿದ 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ, ಪಾರಿವಾಳಗಳು ಏರುಮುಖದಲ್ಲಿವೆ ಎನ್ನುತ್ತದೆ. ಬೆಂಗಳೂರಿನ ಬೀದಿ, ಮಹಡಿಗಳಲ್ಲಿ ಅವುಗಳಿಗೆ ಜೋಳ ಸುರಿಯುವುದು ನಿತ್ಯದ ನೋಟ. ಬ್ರಿಟನ್ನಿನಂತೆ ಇಲ್ಲಿಯೂ ಆಹಾರ ಇಡುವ ಜಾಗ ಎಣಿಕೆಯನ್ನೂ ರೋಗವನ್ನೂ ಪ್ರಭಾವಿಸಬಹುದು. ಹಾಗಾಗಿ ಇಲ್ಲಿನ ವೀಕ್ಷಕರು ಹಕ್ಕಿಯ ಹೆಸರು ಮತ್ತು ಸಂಖ್ಯೆಯ ಜೊತೆಗೆ ಅಂದು ಕಾಳು, ನೀರು ಇಟ್ಟಿದ್ದರೇ, ತಟ್ಟೆ ತೊಳೆದು ಎಷ್ಟು ದಿನವಾಯಿತು, ಕಾಯಿಲೆಬಿದ್ದ ಹಕ್ಕಿ ಕಂಡಿತೇ ಎಂಬುದನ್ನೂ ಟಿಪ್ಪಣಿ ಅಂಕಣದಲ್ಲಿ ಬರೆದಿಟ್ಟರೆ, ಮುಂದೆ ಏರಿಳಿತದ ಕಾರಣ ಹುಡುಕುವವರಿಗೆ ಹಿಡಿಯಲು ಒಂದು ಎಳೆ ಸಿಗುತ್ತದೆ.