ಇಲಿಕೋಶದ ಹಾಸಿನ ಮೇಲೆ ಮನುಷ್ಯನ ಚರ್ಮ

ಸುಟ್ಟಗಾಯ ಚಿಕ್ಕದಾದರೆ ರೋಗಿಯ ತೊಡೆಯಿಂದಲೇ ತೆಳುವಾದ ಚರ್ಮ ತೆಗೆದು ಕಸಿ ಮಾಡಬಹುದು. ಮೈಯೆಲ್ಲ ಸುಟ್ಟವನಲ್ಲಿ ತೆಗೆಯಲು ಚರ್ಮವಾದರೂ ಎಲ್ಲಿದೆ? ಪರರ ಚರ್ಮವನ್ನು ದೇಹ ಕೆಲವೇ ವಾರಗಳಲ್ಲಿ ತಿರಸ್ಕರಿಸುತ್ತದೆ. ಈ ಇಕ್ಕಟ್ಟಿಗೆ ದಾರಿ ದೊರೆತದ್ದು ಆಸ್ಪತ್ರೆಯಲ್ಲಲ್ಲ, ಇಲಿಯ ಗಡ್ಡೆಯೊಂದರಲ್ಲಿ.

ಪ್ರಾಣಿಗಳ ಜೀವಕೋಶಗಳನ್ನು ಗಾಜಿನಲ್ಲಿ ಬೆಳೆಸುವ ವಿದ್ಯೆ 20ನೇ ಶತಮಾನದ ಆರಂಭದಷ್ಟು ಹಳೆಯದು. ಆದರೆ ಹೊರಚರ್ಮದ ಕೋಶಗಳು ಹಟಮಾರಿಗಳು. ಚರ್ಮದ ಚೂರನ್ನು ತಟ್ಟೆಗೆ ಹಾಕಿದರೆ ಅದರೊಂದಿಗೆ ಬಂದ ಒಳಚರ್ಮದ ಕೋಶಗಳೇ ಕಳೆಯಂತೆ ಹಬ್ಬುತ್ತಿದ್ದವು. ಬೇಕಾದ ಬೆಳೆ ಸೊರಗುತ್ತಿತ್ತು.

1970ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೊವರ್ಡ್ ಗ್ರೀನ್ ಮತ್ತು ಅವರ ವಿದ್ಯಾರ್ಥಿ ಜೇಮ್ಸ್ ರೈನ್‌ವಾಲ್ಡ್ ಟೆರಟೋಮಾ ಎಂಬ ಇಲಿಯ ಗಡ್ಡೆಯನ್ನು ಪರೀಕ್ಷಿಸುತ್ತಿದ್ದರು. ಚರ್ಮ, ಮೂಳೆ, ಸ್ನಾಯು ಎಲ್ಲವೂ ಕಲಸಿಕೊಂಡಿರುವ ವಿಚಿತ್ರ ಗಡ್ಡೆ ಅದು. ಅದರ ಕೆಲವು ಕೋಶಗಳು ಹೊರಚರ್ಮದಂತೆ ಪದರಗಟ್ಟಿ ಬೆಳೆಯುವುದು ಕಂಡಿತು. ಆದರೆ ಅವಕ್ಕೆ 3ಟಿ3 ಎಂಬ ಬೇರೆ ಇಲಿಕೋಶಗಳ ಆಸರೆ ಬೇಕಿತ್ತು. ಗ್ರೀನ್ ಮತ್ತು ಜಾರ್ಜ್ ಟೊಡಾರೊ 1962ರಲ್ಲಿ ಇಲಿಯ ಭ್ರೂಣದಿಂದ ಬೆಳೆಸಲು ತೊಡಗಿದ ಕೋಶಗಳಿವು. ಮೂರು ದಿನಕ್ಕೊಮ್ಮೆ, ತಟ್ಟೆಗೆ 3 ಲಕ್ಷದಂತೆ ಬದಲಿಸುತ್ತಿದ್ದುದರಿಂದ ಆ ಹೆಸರು.

ಗುಟ್ಟು ಇಷ್ಟೇ: ವಿಕಿರಣ ಹಾಯಿಸಿದರೆ 3ಟಿ3 ಕೋಶಗಳು ಜೀವ ಹಿಡಿದಿರುತ್ತವೆ, ಆದರೆ ವಂಶ ಬೆಳೆಸಲಾರವು. ಹೊರಚರ್ಮದ ಕೋಶಗಳಿಗೆ ಪೋಷಕಾಂಶ ಒದಗಿಸುತ್ತವೆ, ಕಳೆಯನ್ನೂ ತಡೆಯುತ್ತವೆ. ಮನುಷ್ಯರ ಚರ್ಮಕೋಶಗಳೂ ಇದೇ ಹಾಸಿನ ಮೇಲೆ ಬೆಳೆದವು. 1975ರಲ್ಲಿ ಈ ವರದಿ ಪ್ರಕಟವಾಯಿತು. ಅಂಚೆಚೀಟಿಯಷ್ಟು ಚರ್ಮದಿಂದ ಮೂರು ನಾಲ್ಕು ವಾರಗಳಲ್ಲಿ ವಯಸ್ಕನ ಮೈ ಮುಚ್ಚುವಷ್ಟು ಹಾಳೆ ಬೆಳೆಸಬಹುದೆಂಬುದು ಮುಂದೆ ಖಚಿತವಾಯಿತು.

ನಿಜವಾದ ಪರೀಕ್ಷೆ ಬಂದದ್ದು 1983ರಲ್ಲಿ. ವಯೋಮಿಂಗ್ ರಾಜ್ಯದ 5 ಮತ್ತು 6 ವರ್ಷದ ಅಣ್ಣತಮ್ಮಂದಿರ ಮೈ ಶೇಕಡಾ 95ಕ್ಕೂ ಹೆಚ್ಚು ಸುಟ್ಟಿತ್ತು. ಬಾಸ್ಟನ್ನಿನ ವೈದ್ಯರು ಅವರ ಕಂಕುಳಲ್ಲಿ ಉಳಿದಿದ್ದ ಚರ್ಮದ ತುಣುಕು ತೆಗೆದು ಗ್ರೀನ್ ಪ್ರಯೋಗಶಾಲೆಗೆ ಕಳುಹಿಸಿದರು. ಅಲ್ಲಿ ಬೆಳೆದ ಹಾಳೆಗಳು ಇಬ್ಬರ ಮೈಯ ಅರ್ಧದಷ್ಟನ್ನಾದರೂ ಮುಚ್ಚಿದವು. ಮಕ್ಕಳಿಬ್ಬರೂ ಬದುಕಿಕೊಂಡರು.

2015ರಲ್ಲಿ ಜರ್ಮನಿಯಲ್ಲಿ, ಮುಟ್ಟಿದರೆ ಚರ್ಮ ಕಳಚುವ ಆನುವಂಶಿಕ ರೋಗದ 7 ವರ್ಷದ ಬಾಲಕನೊಬ್ಬನಿಗೆ ಜೀನ್ ದೋಷ ಸರಿಪಡಿಸಿದ ಚರ್ಮವನ್ನು ಮೈಯ ಸುಮಾರು ಶೇಕಡಾ 80ರಷ್ಟು ಭಾಗಕ್ಕೆ ಕಸಿ ಮಾಡಲಾಯಿತು. ಆ ಚರ್ಮಕ್ಕೂ ಇಲಿಕೋಶದ್ದೇ ಹಾಸು. ಆದರೆ ಹೀಗೆ ಬೆಳೆಸುವುದು ಹೊರಪದರವನ್ನು ಮಾತ್ರ. ಸುಟ್ಟು ಒಳಚರ್ಮವೂ ಹೋದ ಕಡೆ ಕಸಿ ಮಾಡಿದರೆ ಅಲ್ಲಿ ಕೂದಲು ಹುಟ್ಟುವುದಿಲ್ಲ, ಎಂಥ ಸೆಕೆಗೂ ಬೆವರುವುದಿಲ್ಲ.