ವಿದ್ಯಾರ್ಥಿವೇತನದಲ್ಲಿರುವ ‘ವೇತನ’

‘ವಿದ್ಯಾರ್ಥಿವೇತನ’ ಎಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಆದರೆ ಅದರ ಕೊನೆಯಲ್ಲಿ ‘ವೇತನ’ ಎಂಬ ಪದ ಕುಳಿತಿರುವುದನ್ನು ಗಮನಿಸುವವರು ಕಡಿಮೆ. ಇಂಗ್ಲಿಷಿನ ‘ಸ್ಕಾಲರ್‌ಷಿಪ್’ ವಿದ್ವತ್ತನ್ನು ನೆನಪಿಸಿದರೆ ನಮ್ಮ ಮಾತು ಸಂಬಳವನ್ನು ನೆನಪಿಸುತ್ತದೆ. ಹಿಂದಿನ ಕಾಲದಲ್ಲಿ ನಮ್ಮ ಬಡ ವಿದ್ಯಾರ್ಥಿಗಳು ಓದಿದ್ದು ವಾರಾನ್ನದಿಂದ, ಮಠಗಳ ಪ್ರಸಾದದಿಂದ, ಉದಾರಿಗಳ ನೆರವಿನಿಂದ. ಅದು ದಾನ. ಪರೀಕ್ಷೆಯಲ್ಲಿ ಮೊದಲಿಗನಾದವನಿಗೆ ಕೊಡುವುದು ಬಹುಮಾನ. ವೇತನವು ಇವೆರಡಕ್ಕಿಂತಲೂ ಬೇರೆಯಾದದ್ದು. ದುಡಿಯುವವನಿಗೆ ನ್ಯಾಯವಾಗಿ ಸಲ್ಲಬೇಕಾದುದು ವೇತನ.

ಶಿಕ್ಷಕನಾಗಲು ಕಲಿಯುತ್ತಿರುವ ಹುಡುಗನಿಗೆ ಸರ್ಕಾರ ಕೊಡುವ ಹಣ ಈ ಮೂರರಲ್ಲಿ ಯಾವುದು? ಪ್ರಶ್ನೆ ಚಿಕ್ಕದಾಗಿ ಕಂಡರೂ ಇಂಗ್ಲೆಂಡಿನಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಪ್ರಾಥಮಿಕ ಶಾಲೆಗಳ ಭಾಗ್ಯ ಇದರ ಉತ್ತರವನ್ನೇ ಅವಲಂಬಿಸಿತ್ತು. ಆ ಕಥೆಗೆ ನಮ್ಮ ದೇಶದೊಡನೆಯೂ ನಂಟಿದೆ. ನನ್ನ ಶಿಷ್ಯರಲ್ಲಿ ಅನೇಕರು ಟಿ.ಸಿ.ಎಚ್., ಡಿ.ಎಡ್. ಮುಗಿಸಿ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುತ್ತಿರುವುದರಿಂದ ಅವರಿಗಾದರೂ ಇದು ತಮ್ಮ ಮನೆತನದ ಇತಿಹಾಸವೆನಿಸಬಹುದು.

ಕಥೆ ಆರಂಭವಾಗುವುದು ಮದರಾಸಿನಲ್ಲಿ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಅಲ್ಲಿಯ ಎಗ್ಮೋರಿನ ಸೈನಿಕ ಅನಾಥಾಲಯದ ಮೇಲ್ವಿಚಾರಕನಾಗಿದ್ದ. ನಮ್ಮ ಕೂಲಿಮಠಗಳಂತಹ ಒಂದು ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದನ್ನು ಅವನು ಕಂಡ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಪದ್ಧತಿಯನ್ನು ತನ್ನ ಅನಾಥಾಲಯದಲ್ಲಿ ರೂಢಿಗೆ ತಂದ. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಪ್ರಕಟಿಸಿದ. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಿಂದಲೇ ಅದು ಇಂಗ್ಲೆಂಡಿನಲ್ಲಿ ಹಬ್ಬಿತು. ನಮ್ಮ ಹಿರಿಯರು ‘ಹಿರೇಮಣಿ’ ಎಂದು ಕರೆಯುತ್ತಿದ್ದ ಮಾನಿಟರನೇ ಅಲ್ಲಿ ಅರ್ಧ ಮಾಸ್ತರನಾದ. ಒಬ್ಬ ಉಪಾಧ್ಯಾಯನಿಂದ ನೂರಾರು ಮಕ್ಕಳಿಗೆ ಪಾಠವಾಗುತ್ತಿದ್ದುದರಿಂದ ಖರ್ಚು ಬಹಳ ಕಡಿಮೆ. ಆದರೆ ಒಂಬತ್ತು ಹತ್ತು ವರ್ಷದ ಹುಡುಗ ತನಗೆ ತಿಳಿದಷ್ಟನ್ನೇ ಅಲ್ಲವೆ ಹೇಳಬಲ್ಲ? ಅಗ್ಗದ ಪದ್ಧತಿಯ ಫಲವೂ ಅಗ್ಗವೇ ಆಯಿತು.

ಈ ಕೊರತೆಯನ್ನು ನೀಗಲು ಹೊರಟವನು ಜೇಮ್ಸ್ ಕೇ. ಮುಂದೆ ಕೇ-ಷಟಲ್‌ವರ್ತ್ ಎಂದು ಹೆಸರಾದವನು. ವೃತ್ತಿಯಿಂದ ಅವನು ವೈದ್ಯ. ಮ್ಯಾಂಚೆಸ್ಟರಿನ ಹತ್ತಿಗಿರಣಿ ಕೂಲಿಕಾರರ ದುಃಸ್ಥಿತಿಯನ್ನು ಕಣ್ಣಾರೆ ಕಂಡು 1832ರಲ್ಲಿ ಅದನ್ನು ಕುರಿತು ಪುಸ್ತಕ ಬರೆದಿದ್ದ. ಮುಂದೆ ಬಡವರ ಪರಿಹಾರ ಕಾನೂನಿನ ಅಧಿಕಾರಿಯಾಗಿ ನಾರ್ಫೋಕ್ ಪ್ರಾಂತದಲ್ಲಿ ತಿರುಗುತ್ತಿದ್ದಾಗ, ಬಡವರ ಆಶ್ರಮವೊಂದರಲ್ಲಿ ಮಾಸ್ತರನು ಕಾಯಿಲೆ ಬಿದ್ದದ್ದರಿಂದ ಅಲ್ಲಿಯೇ ಬೆಳೆದ ಹುಡುಗನೊಬ್ಬನು ಶಾಲೆಯನ್ನು ತಾನೇ ಅಚ್ಚುಕಟ್ಟಾಗಿ ನಡೆಸುತ್ತಿದ್ದುದನ್ನು ನೋಡಿದ. ಇಂತಹ ಹುಡುಗನನ್ನು ಗುರುತಿಸಿ, ತರಬೇತು ಕೊಟ್ಟು, ಕೈಹಿಡಿದು ನಡೆಸಿದರೆ ಉತ್ತಮ ಶಿಕ್ಷಕನಾದಾನು ಎಂಬ ಆಲೋಚನೆ ಅವನಲ್ಲಿ ಬೇರೂರಿತು. 1839ರಲ್ಲಿ ಶಿಕ್ಷಣಕ್ಕೆಂದು ಸರ್ಕಾರ ರಚಿಸಿದ ಸಮಿತಿಗೆ ಅವನೇ ಮೊದಲ ಕಾರ್ಯದರ್ಶಿಯಾದ. ಮರುವರ್ಷ ಗೆಳೆಯನೊಬ್ಬನೊಡನೆ ಸೇರಿ, ಸ್ವಂತ ಹಣವನ್ನೂ ಹಾಕಿ, ಲಂಡನ್ನಿನ ಬ್ಯಾಟರ್‌ಸೀಯಲ್ಲಿ ಶಿಕ್ಷಕರ ತರಬೇತಿ ಕಾಲೇಜನ್ನು ತೆರೆದ.

ಆದರೆ ಕಾಲೇಜು ತೆರೆದೊಡನೆ ಬಡವರ ಮಕ್ಕಳು ಬಂದು ಸೇರುವರೆ? ಹದಿಮೂರು ವರ್ಷದ ಹುಡುಗನೆಂದರೆ ಆ ಕಾಲದ ಬಡ ಮನೆಗೆ ದುಡಿಯುವ ಒಂದು ಜೊತೆ ಕೈ. ಅವನು ಶಾಲೆಯಲ್ಲಿ ಉಳಿದರೆ ವಾರದ ಕೂಲಿ ತಪ್ಪಿತು. ಶುಲ್ಕವನ್ನು ಮನ್ನಾ ಮಾಡಿದರೂ ಆ ಕೂಲಿಯ ನಷ್ಟ ತುಂಬುವುದಿಲ್ಲ. ಈ ಲೆಕ್ಕವನ್ನು ಕೇ-ಷಟಲ್‌ವರ್ತ್ ಸರಿಯಾಗಿ ಗ್ರಹಿಸಿದ್ದನೆಂಬುದಕ್ಕೆ 1846ರ ನಿಯಮಗಳೇ ಸಾಕ್ಷಿ.

ಆ ನಿಯಮಗಳ ಪ್ರಕಾರ ಹದಿಮೂರು ತುಂಬಿದ ಆಯ್ದ ಬಾಲಕ ಬಾಲಕಿಯರು ಐದು ವರ್ಷಗಳ ಕಾಲ ‘ವಿದ್ಯಾರ್ಥಿ-ಶಿಕ್ಷಕ’ರಾಗಿ ಒಂದು ಶಾಲೆಗೆ ಸೇರುತ್ತಿದ್ದರು. ಹಗಲಿನಲ್ಲಿ ಮಕ್ಕಳಿಗೆ ಪಾಠ ಹೇಳುವುದು. ಶಾಲೆಯ ವೇಳೆಯ ಹೊರಗೆ ಮುಖ್ಯೋಪಾಧ್ಯಾಯರಿಂದ ದಿನಕ್ಕೆ ಒಂದೂವರೆ ಗಂಟೆ ಪಾಠ ಹೇಳಿಸಿಕೊಳ್ಳುವುದು. ಮೊದಲ ವರ್ಷ ಸರ್ಕಾರದಿಂದ 10 ಪೌಂಡು. ಪ್ರತಿ ವರ್ಷ ಎರಡೂವರೆ ಪೌಂಡಿನಂತೆ ಏರಿ ಐದನೆಯ ವರ್ಷ 20 ಪೌಂಡು. ಅಂದರೆ ಆರಂಭದಲ್ಲಿ ವಾರಕ್ಕೆ ಸುಮಾರು ನಾಲ್ಕು ಷಿಲ್ಲಿಂಗು. ಕಲಿಸಿದ ಮುಖ್ಯೋಪಾಧ್ಯಾಯರಿಗೂ ಒಬ್ಬ ಶಿಷ್ಯನಿಗೆ 5 ಪೌಂಡು, ಇಬ್ಬರಿಗೆ 9 ಪೌಂಡು ಸಿಗುತ್ತಿತ್ತು. ಪ್ರತಿ ವರ್ಷ ಇನ್‌ಸ್ಪೆಕ್ಟರರ ಪರೀಕ್ಷೆ ತಪ್ಪದು. ಐದು ವರ್ಷ ಮುಗಿದ ಮೇಲೆ ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದವರಿಗೆ 20 ಅಥವಾ 25 ಪೌಂಡಿನ ‘ರಾಣಿಯ ವಿದ್ಯಾರ್ಥಿವೇತನ’ ದೊರೆತು, ತರಬೇತಿ ಕಾಲೇಜಿನ ಬಾಗಿಲು ತೆರೆಯುತ್ತಿತ್ತು.

ಕೂಲಿಕಾರನ ಮಗನೊಬ್ಬನು ಹದಿಮೂರನೆಯ ವಯಸ್ಸಿನಿಂದ ಹಿಡಿದು ಪ್ರಮಾಣಪತ್ರ ಪಡೆದ ಶಿಕ್ಷಕನಾಗುವವರೆಗೆ, ನಡುವೆ ಎಲ್ಲಿಯೂ ಮೆಟ್ಟಿಲು ಮುರಿಯದಂತೆ ಕಟ್ಟಿದ ಏಣಿ ಇದು. ಇದನ್ನು ಹಾಸ್ಯ ಮಾಡಿದವರೂ ಇದ್ದರು. ಚಾರ್ಲ್ಸ್ ಡಿಕನ್ಸ್ 1854ರ ತನ್ನ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ ಹೊಸ ತರಬೇತಿಯ ಮಾಸ್ತರರನ್ನು ಗೇಲಿ ಮಾಡಿದ್ದಾನೆ. ಒಂದೇ ಅಚ್ಚಿನ ಶಿಕ್ಷಕರ ಬಗ್ಗೆ ಆತನ ಭಯ ಆಧಾರವಿಲ್ಲದ್ದೇನೂ ಅಲ್ಲ. ಆದರೆ ಆ ಅಚ್ಚು ಇಲ್ಲದಿದ್ದರೆ ಅವರಲ್ಲಿ ಬಹುಮಂದಿ ಗಿರಣಿಗೋ ಗಣಿಗೋ ಸೇರುತ್ತಿದ್ದರೆಂಬುದನ್ನೂ ಮರೆಯಬಾರದು.

ಮದರಾಸಿನಿಂದ ಹೋದ ಬೀಜ ಇಂಗ್ಲೆಂಡಿನಲ್ಲಿ ಹೀಗೆ ಬೇರೆ ಗಿಡವಾಗಿ ಬೆಳೆದು, ಎಂಟೇ ವರ್ಷಗಳಲ್ಲಿ ನಮ್ಮಲ್ಲಿಗೆ ಮರಳಿ ಬಂದಿತು. ಬಿ.ಎಡ್. ಓದಿದವರೆಲ್ಲರೂ ಬಾಯಿಪಾಠ ಮಾಡಿರುವ 1854ರ ಜುಲೈ 19ರ ವುಡ್ ವರದಿಯಲ್ಲಿ ಶಿಕ್ಷಕರ ತರಬೇತಿಯ ಭಾಗವೊಂದಿದೆ. ಪರೀಕ್ಷೆಗೆಂದು ‘ಭಾರತೀಯ ಶಿಕ್ಷಣದ ಮಹಾಸನ್ನದು’ ಎಂಬ ವಿಶೇಷಣವನ್ನು ಬರೆದು ನಾವು ಮುಂದೆ ಸಾಗುತ್ತಿದ್ದೆವು. ಆ ಭಾಗವನ್ನು ನಿಧಾನವಾಗಿ ಓದುವವರು ವಿರಳ. ಪ್ರತಿ ಪ್ರಾಂತದಲ್ಲಿಯೂ ತರಬೇತಿ ಶಾಲೆಗಳನ್ನು ಬೇಗನೆ ಸ್ಥಾಪಿಸಬೇಕು, ಇದಕ್ಕೆ ಬ್ರಿಟನ್ನಿನಲ್ಲಿ ನಡೆಯುತ್ತಿರುವ ಯೋಜನೆಯೇ ಮಾದರಿ ಎಂದು ಹೇಳಿ, ಇಂಗ್ಲೆಂಡಿನ ಸಮಿತಿಯ ನಿಯಮಗಳ ಪ್ರತಿಯನ್ನೂ ಅದರೊಡನೆ ಕಳುಹಿಸಿದ್ದರು. ವೇತನ ಎಷ್ಟಿರಬೇಕೆಂಬ ಬಗ್ಗೆ ಅದರಲ್ಲಿರುವ ಸೂತ್ರವಂತೂ ಮನನೀಯವಾದದ್ದು: ವಿದ್ಯಾರ್ಥಿ-ಶಿಕ್ಷಕರು ಶಾಲೆ ಬಿಟ್ಟು ದುಡಿಯಲು ಹೋದರೆ ಎಷ್ಟು ಸಂಪಾದಿಸುತ್ತಿದ್ದರೋ ಅದಕ್ಕಿಂತ ಸ್ವಲ್ಪ ಹೆಚ್ಚಾದ ಮಿತವಾದ ವೇತನವನ್ನು ಅವರಿಗೆ ಕೊಡಬೇಕು, ನಾರ್ಮಲ್ ಶಾಲೆಯ ವಿದ್ಯಾರ್ಥಿಗಳಿಗೂ ಇದೇ ತತ್ತ್ವ ಅನ್ವಯಿಸಬೇಕು.

ಈ ಒಂದು ಸೂತ್ರದಲ್ಲಿ ಇಡೀ ಅರ್ಥಶಾಸ್ತ್ರವೇ ಅಡಗಿದೆ. ಪುಸ್ತಕದ ಬೆಲೆ ಎಷ್ಟು, ಶುಲ್ಕ ಎಷ್ಟು ಎಂಬುದನ್ನು ಅದು ಮೊದಲು ಕೇಳುವುದಿಲ್ಲ. ಈ ಹುಡುಗ ಓದಲು ಕುಳಿತರೆ ಅವನ ಮನೆಯವರು ಏನನ್ನು ಕಳೆದುಕೊಳ್ಳುತ್ತಾರೆ ಎಂದು ಕೇಳುತ್ತದೆ. ದಾನಕ್ಕೂ ವೇತನಕ್ಕೂ ಇರುವ ವ್ಯತ್ಯಾಸ ಇದೇ.

ವುಡ್ ವರದಿಯ ನಂತರದ ವರ್ಷಗಳಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕರ್ನಾಟಕದಲ್ಲಿಯೂ ನಾರ್ಮಲ್ ಶಾಲೆ ಆರಂಭವಾಯಿತು. ಕನ್ನಡ ಶಾಲೆಗಳಿಗಾಗಿ ಹೋರಾಡಿದ ಡೆಪ್ಯುಟಿ ಚನ್ನಬಸಪ್ಪನವರು ಅದರ ಮುಖ್ಯಸ್ಥರಾಗಿ ದುಡಿದವರು. ಮರಾಠಿಯ ಪ್ರಾಬಲ್ಯವಿದ್ದ ಆ ಭಾಗದಲ್ಲಿ ಕನ್ನಡ ಶಾಲೆ ಉಳಿಯಬೇಕಾದರೆ ಕನ್ನಡದಲ್ಲಿ ಪಾಠ ಹೇಳಬಲ್ಲ ಮಾಸ್ತರರು ಬೇಕಾಗಿದ್ದರು. ಅಂತಹವರನ್ನು ಸಿದ್ಧಗೊಳಿಸುವ ತರಬೇತಿ ಶಾಲೆಯೆಂದರೆ ಅಲ್ಲಿ ಭಾಷೆಯನ್ನೇ ಉಳಿಸುವ ಉಪಾಯವಾಗಿತ್ತು.

ಇತ್ತ ಇಂಗ್ಲೆಂಡಿನಲ್ಲಿ ಏಣಿಯ ಕೆಳಗಿನ ಮೆಟ್ಟಿಲಿಗೇ ಪೆಟ್ಟು ಬಿತ್ತು. ಖರ್ಚು ಹೆಚ್ಚಾಯಿತೆಂಬ ಕೂಗಿಗೆ ಓಗೊಟ್ಟು ರಾಬರ್ಟ್ ಲೋ ಎಂಬ ಮಂತ್ರಿ 1862ರಲ್ಲಿ ಪರಿಷ್ಕೃತ ನಿಯಮಾವಳಿಯನ್ನು ಜಾರಿಗೆ ತಂದ. ಮಕ್ಕಳ ಹಾಜರಿಯನ್ನೂ ಓದು, ಬರಹ, ಲೆಕ್ಕದ ಪರೀಕ್ಷೆಯ ಫಲಿತಾಂಶವನ್ನೂ ನೋಡಿ ಶಾಲೆಗೆ ಹಣ ಕೊಡುವ ಪದ್ಧತಿ ಇದು. ನಮ್ಮ ಮದರಾಸು ಪ್ರಾಂತದ ಶಾಲೆಗಳೂ ಮುಂದೆ ಇದರ ರುಚಿಯನ್ನು ಕಂಡವು. ವಿದ್ಯಾರ್ಥಿ-ಶಿಕ್ಷಕರಿಗೆ ಸರ್ಕಾರ ನೇರವಾಗಿ ಕೊಡುತ್ತಿದ್ದ ವೇತನ ನಿಂತುಹೋಯಿತು. ಎಷ್ಟು ಕೊಡಬೇಕೆಂಬುದು ಶಾಲೆಯ ಆಡಳಿತದವರ ಚೌಕಾಸಿಗೆ ಬಿಟ್ಟ ವಿಷಯವಾಯಿತು. ಶಾಲಾ ಇನ್‌ಸ್ಪೆಕ್ಟರನೂ ಆಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಇದನ್ನು ಖಂಡಿಸಿ ಬರೆದ; ವೃದ್ಧಾಪ್ಯದತ್ತ ಸಾಗಿದ್ದ ಕೇ-ಷಟಲ್‌ವರ್ತನೂ ವಿರೋಧಿಸಿದ. ಕೆಲವೇ ವರ್ಷಗಳಲ್ಲಿ ವಿದ್ಯಾರ್ಥಿ-ಶಿಕ್ಷಕರ ಸಂಖ್ಯೆ ತೀವ್ರವಾಗಿ ಕುಸಿಯಿತು. ವೇತನ ಹೋದೊಡನೆ ಹುಡುಗರೂ ಹೋದರು. ಅವರಿಗೆ ಆಸಕ್ತಿ ಇರಲಿಲ್ಲವೆಂದಲ್ಲ. ಅವರ ಮನೆಯ ಲೆಕ್ಕ ಕೂಡಿಬರಲಿಲ್ಲ.

ಏಣಿಗೆ ಮೇಲ್ಗಡೆ ಹೊಸ ಮೆಟ್ಟಿಲು ಸೇರಿದ್ದು 1890ರಲ್ಲಿ. ಅದುವರೆಗೆ ಪ್ರಾಥಮಿಕ ಶಿಕ್ಷಕರಾಗುವವರು ಕಲಿಯುತ್ತಿದ್ದುದು ಬಹುಮಟ್ಟಿಗೆ ಚರ್ಚುಗಳು ನಡೆಸುತ್ತಿದ್ದ ವಸತಿ ಕಾಲೇಜುಗಳಲ್ಲಿ. ವಿಶ್ವವಿದ್ಯಾನಿಲಯವೆಂಬುದು ಅವರ ಪಾಲಿಗೆ ಬೇರೆಯೇ ಲೋಕ. 1890ರ ನಿಯಮಗಳು ವಿಶ್ವವಿದ್ಯಾನಿಲಯ ಮಟ್ಟದ ಕಾಲೇಜುಗಳಿಗೆ ಹೊಂದಿಕೊಂಡಂತೆ ‘ಹಗಲು ತರಬೇತಿ ಕಾಲೇಜು’ಗಳನ್ನು ತೆರೆಯಲು ಅವಕಾಶ ಮಾಡಿಕೊಟ್ಟವು. ಲಂಡನ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್‌ಗಳಲ್ಲಿ ಇವು ಆರಂಭವಾದವು. 1891ರಲ್ಲಿ ಕೇಂಬ್ರಿಜ್ ಕೂಡ ಸೇರಿತು. ರಾಣಿಯ ವೇತನ ಪಡೆದ ಬಡವರ ಮಕ್ಕಳು ಪ್ರಾಥಮಿಕ ಶಾಲೆಯ ಮಾಸ್ತರಿಕೆಗೆ ಸಿದ್ಧರಾಗುತ್ತಲೇ ಪದವಿ ತರಗತಿಗಳಲ್ಲಿಯೂ ಕುಳಿತುಕೊಳ್ಳುವ ಅವಕಾಶ ಮೊದಲ ಬಾರಿಗೆ ಒದಗಿತು. 1901ರಲ್ಲಿ ವಿಕ್ಟೋರಿಯಾ ರಾಣಿ ತೀರಿಕೊಂಡ ಮೇಲೆ ಅದಕ್ಕೆ ‘ರಾಜನ ವಿದ್ಯಾರ್ಥಿವೇತನ’ ಎಂಬ ಹೆಸರಾಯಿತು.

ಈ ದಾರಿಯಲ್ಲಿ ನಡೆದವರಲ್ಲಿ ಒಬ್ಬನ ಹೆಸರು ಸಾಹಿತ್ಯ ಓದುವವರಿಗೆಲ್ಲ ಗೊತ್ತು. ನಾಟಿಂಗ್‌ಹ್ಯಾಮ್ ಸಮೀಪದ ಈಸ್ಟ್‌ವುಡ್ಡಿನ ಕಲ್ಲಿದ್ದಲ ಗಣಿ ಕಾರ್ಮಿಕನ ಮಗನೊಬ್ಬ 1902ರಲ್ಲಿ ವಿದ್ಯಾರ್ಥಿ-ಶಿಕ್ಷಕನಾಗಿ ಸೇರಿದ. 1904ರ ಡಿಸೆಂಬರಿನಲ್ಲಿ ರಾಜನ ವಿದ್ಯಾರ್ಥಿವೇತನದ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಗೆದ್ದ. ಆದರೂ ಕೂಡಲೇ ಕಾಲೇಜು ಸೇರಲಾಗಲಿಲ್ಲ. ಪ್ರವೇಶಕ್ಕೆ ಮುಂಗಡವಾಗಿ ಕಟ್ಟಬೇಕಾದ ಹಣವನ್ನು ಕೂಡಿಡಲು ಒಂದು ವರ್ಷ ಪ್ರಮಾಣಪತ್ರವಿಲ್ಲದ ಮಾಸ್ತರನಾಗಿ ದುಡಿಯಬೇಕಾಯಿತು. 1906ರಿಂದ 1908ರವರೆಗೆ ನಾಟಿಂಗ್‌ಹ್ಯಾಮಿನ ಕಾಲೇಜಿನಲ್ಲಿ ಓದಿ, ಲಂಡನ್ ಬಳಿಯ ಕ್ರಾಯ್ಡನ್ನಿನ ಪ್ರಾಥಮಿಕ ಶಾಲೆಯೊಂದರಲ್ಲಿ ವರ್ಷಕ್ಕೆ 95 ಪೌಂಡಿನ ಕೆಲಸಕ್ಕೆ ಸೇರಿದ. ಅವನೇ ಡಿ. ಎಚ್. ಲಾರೆನ್ಸ್. ಅವನಂತಹ ಪ್ರತಿಭಾವಂತನನ್ನು ಕೂಡ ಪರೀಕ್ಷೆ ತಡೆಯಲಿಲ್ಲ, ಮುಂಗಡದ ಹಣ ತಡೆಯಿತು. ಅವನಷ್ಟು ಹಟವಿಲ್ಲದ ಎಷ್ಟು ಮಕ್ಕಳು ಆ ಹೊಸ್ತಿಲಿನಿಂದಲೇ ಹಿಂದಿರುಗಿದರೋ ಬಲ್ಲವರಾರು?

1911ರಿಂದ ಸರ್ಕಾರ ಇನ್ನೂ ಉದಾರವಾಯಿತು. ಮೂರು ವರ್ಷ ಪದವಿ, ಒಂದು ವರ್ಷ ತರಬೇತಿ, ಹೀಗೆ ನಾಲ್ಕು ವರ್ಷಗಳ ನೆರವು ದೊರೆಯತೊಡಗಿತು. ಆದರೆ ಇದಕ್ಕೊಂದು ಕರಾರು: ಶಿಕ್ಷಕ ವೃತ್ತಿಯನ್ನೇ ಕೈಗೊಳ್ಳುವೆನೆಂದು ವಿದ್ಯಾರ್ಥಿ ಮೊದಲೇ ಬರೆದು ಸಹಿ ಹಾಕಬೇಕು. ಬೇರೆ ಯಾವ ನೆರವೂ ಇಲ್ಲದ ಬಡ ಹುಡುಗರು ಹದಿನೇಳು ಹದಿನೆಂಟನೆಯ ವಯಸ್ಸಿನಲ್ಲಿ, ಮನಸ್ಸಿದ್ದರೂ ಇಲ್ಲದಿದ್ದರೂ, ಸಹಿ ಹಾಕಿದರು. ಹಣವಂತರ ಮಗ ಪದವಿಯ ಕೊನೆಯಲ್ಲಿ ತನ್ನ ದಾರಿಯನ್ನು ಆರಿಸಿಕೊಳ್ಳುತ್ತಿದ್ದ. ಬಡವನ ಮಗ ಮೊದಲ ದಿನವೇ ಅದನ್ನು ಬರೆದುಕೊಡಬೇಕಾಗಿತ್ತು. ಹೆಣ್ಣುಮಕ್ಕಳ ಪಾಡು ಇನ್ನೂ ವಿಚಿತ್ರ. ಪಾಠ ಹೇಳುವೆನೆಂದು ಅವರಿಂದ ಮಾತು ಪಡೆದ ವ್ಯವಸ್ಥೆಯಲ್ಲಿಯೇ, ಮದುವೆಯಾದರೆ ಕೆಲಸ ಬಿಡಬೇಕೆಂಬ ನಿಯಮ ಅನೇಕ ಊರುಗಳಲ್ಲಿತ್ತು. ಮದುವೆಯ ನಿಷೇಧವನ್ನು 1944ರ ಶಿಕ್ಷಣ ಕಾಯಿದೆ ತೆಗೆದುಹಾಕಿತು. ಅದೇ ವರ್ಷದ ಮೆಕ್‌ನೇರ್ ವರದಿ ಸಹಿಯ ಪದ್ಧತಿಯೂ ಹೋಗಬೇಕೆಂದು ಹೇಳಿತು. 1951ರಲ್ಲಿ ಅದೂ ಹೋಯಿತು.

ಇಂತಹ ಕರಾರು ಹಳೆಯ ಕಾಲದ್ದಷ್ಟೇ ಎಂದುಕೊಳ್ಳಬೇಡಿ. ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ‘ಟೀಚ್ ಗ್ರಾಂಟ್’ ಎಂಬ ಹೆಸರು ಕಿವಿಗೆ ಬಿದ್ದಿರಬಹುದು. 2007ರ ಕಾನೂನಿನಿಂದ ಬಂದ ಇದು ಶಿಕ್ಷಕರಾಗಲಿರುವ ಕಾಲೇಜು ವಿದ್ಯಾರ್ಥಿಗಳಿಗೆ ವರ್ಷಕ್ಕೆ 4,000 ಡಾಲರುಗಳವರೆಗೆ ಕೊಡುವ ಯೋಜನೆ. ಓದು ಮುಗಿದ ಎಂಟು ವರ್ಷಗಳೊಳಗೆ, ಬಡ ಮಕ್ಕಳಿರುವ ಶಾಲೆಗಳಲ್ಲಿ, ಶಿಕ್ಷಕರ ಕೊರತೆಯಿರುವ ವಿಷಯವನ್ನು ನಾಲ್ಕು ವರ್ಷ ಕಲಿಸಬೇಕು. ತಪ್ಪಿದರೆ ಅಷ್ಟೂ ಹಣ ಬಡ್ಡಿಸಮೇತ ಸಾಲವಾಗುತ್ತದೆ. ನಿಷ್ಠೆಯಿಂದ ಪಾಠ ಹೇಳುತ್ತಿದ್ದ ಎಷ್ಟೋ ಶಿಕ್ಷಕರಿಗೆ ವಾರ್ಷಿಕ ಅರ್ಜಿ ತಡವಾಯಿತೆಂಬ ಕಾರಣಕ್ಕೇ ನೆರವು ಸಾಲವಾಗಿ ಮಾರ್ಪಟ್ಟ ಸಂಗತಿ 2018ರಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಸರ್ಕಾರ ಅದನ್ನು ಸರಿಪಡಿಸಬೇಕಾಯಿತು. ವೇತನವನ್ನು ವೇತನವೆಂದು ತಿಳಿಯದೆ ಸಾಲದ ಪತ್ರವನ್ನಾಗಿ ಬರೆದರೆ ಆಗುವುದು ಹೀಗೆಯೇ.

ನಮ್ಮ ದೇಶದಲ್ಲಿಯೂ ಪ್ರಾಥಮಿಕ ಶಿಕ್ಷಕರ ತರಬೇತಿ ಈಗ ವಿಶ್ವವಿದ್ಯಾನಿಲಯದತ್ತ ಸಾಗುತ್ತಿದೆ. ದೆಹಲಿ ವಿಶ್ವವಿದ್ಯಾನಿಲಯ 1994ರಲ್ಲಿಯೇ ಪ್ರಾಥಮಿಕ ಶಿಕ್ಷಣಕ್ಕೆಂದು ನಾಲ್ಕು ವರ್ಷಗಳ ಪದವಿಯನ್ನು ಆರಂಭಿಸಿತು. 2023-24ರಿಂದ ದೇಶದ ಆಯ್ದ ಸಂಸ್ಥೆಗಳಲ್ಲಿ ನಾಲ್ಕು ವರ್ಷಗಳ ಸಮಗ್ರ ಬಿ.ಎಡ್. ನಡೆಯುತ್ತಿದೆ. ಚಿಕ್ಕ ಮಕ್ಕಳಿಗೆ ಕಲಿಸುವವರು ಹೆಚ್ಚು ಓದಿರಬೇಕೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಓದಿನ ಅವಧಿ ಒಂದೊಂದು ವರ್ಷ ಹೆಚ್ಚಿದಂತೆಲ್ಲ ಕೂಲಿಯಿಂದ ಬದುಕುವ ಮನೆಯ ನಷ್ಟವೂ ಒಂದೊಂದು ವರ್ಷ ಹೆಚ್ಚುತ್ತದೆ. ಆ ನಷ್ಟವನ್ನು ಯಾರೂ ತುಂಬಿಕೊಡದಿದ್ದರೆ, ಹಳ್ಳಿಯ ಮಕ್ಕಳ ಮನೆಯ ಮಾತನ್ನೂ ಹಸಿವನ್ನೂ ಸ್ವತಃ ಬಲ್ಲ ಶಿಕ್ಷಕರೇ ಮೊದಲು ಕಡಿಮೆಯಾಗುವರು. 1862ರ ನಂತರ ಇಂಗ್ಲೆಂಡು ಕಲಿತ ಪಾಠ ಇದು.

ನಿಮ್ಮಲ್ಲಿ ಅನೇಕರು ಈಗ ಅನುಕೂಲಸ್ಥರಾಗಿದ್ದೀರಿ. ಊರಿನ ಶಾಲೆಗೆ, ಬಂಧುಗಳ ಮಕ್ಕಳಿಗೆ ಸಹಾಯ ಮಾಡುತ್ತಲೂ ಇದ್ದೀರಿ. ಮುಂದೆ ಟೀಚರ್ ಆಗಬೇಕೆಂಬ ಆಸೆಯುಳ್ಳ ಹುಡುಗಿಯೊಬ್ಬಳು ನಿಮ್ಮ ಕಣ್ಣಿಗೆ ಬಿದ್ದರೆ, ಫೀಸು ಎಷ್ಟೆಂದು ಕೇಳುವುದರ ಜೊತೆಗೆ ಮತ್ತೊಂದು ಮಾತನ್ನೂ ಕೇಳಿ: ಅವಳು ಓದಲು ಹೋದರೆ ಮನೆಯಲ್ಲಿ ಯಾರ ದುಡಿಮೆ ನಿಲ್ಲುತ್ತದೆ? ಅದಕ್ಕೆ ಸಿಗುವ ಉತ್ತರವೇ ಅವಳಿಗೆ ಸಲ್ಲಬೇಕಾದ ವೇತನದ ಅಳತೆ. ಕೊಡುವಾಗ ಸಹಿ ಕೇಳಬೇಡಿ. ಒಳ್ಳೆಯ ಶಿಕ್ಷಕಿಯಾಗಬೇಕೆಂಬ ಮನಸ್ಸಿದ್ದವಳು ಕರಾರಿಲ್ಲದೆಯೂ ಆಗುತ್ತಾಳೆ.